ಆರೋಗ್ಯ ದಿನಗಳ ಪಟ್ಟಿ ಉದ್ದ ಉಂಟು, ನಮ್ಮೂರಲ್ಲಿ ಮಾಡುವುದು ಯಾವುದನ್ನು?

ಎಣ್ಮಕಜೆ ಹುಡುಗ:
ಎಲ್ಲರಿಗೂ ನಮಸ್ಕಾರ. ಕಾಸರಗೋಡಿನ ನಮ್ಮ ಊರ ಗ್ರಂಥಾಲಯದ ಮೀಟಿಂಗಿನಲ್ಲಿ ಒಂದು ತೀರ್ಮಾನ ಆಯ್ತು. ಈ ವರ್ಷ ಆರೋಗ್ಯ ದಿನಾಚರಣೆಗಳನ್ನು ಸರಿಯಾಗಿ ಮಾಡಬೇಕು ಅಂತ. ಒಬ್ಬರು ಫೋನು ನೋಡಿ ಪಟ್ಟಿ ಓದಿದರು. ಜನವರಿ 30 ಕುಷ್ಠರೋಗ, ಫೆಬ್ರವರಿ 4 ಕ್ಯಾನ್ಸರ್, ಮಾರ್ಚ್ 24 ಕ್ಷಯ, ಏಪ್ರಿಲ್ 25 ಮಲೇರಿಯಾ, ಮೇ 16 ಡೆಂಗಿ, ಮೇ 17 ಬಿಪಿ, ಮೇ 31 ತಂಬಾಕು, ಜೂನ್ 14 ರಕ್ತದಾನ, ಜುಲೈ 28 ಕಾಮಾಲೆ, ಸೆಪ್ಟೆಂಬರ್ 28 ಹುಚ್ಚುನಾಯಿ, ಮರುದಿನ ಹೃದಯ, ಅಕ್ಟೋಬರ್ 10 ಮಾನಸಿಕ ಆರೋಗ್ಯ, ನವೆಂಬರ್ 14 ಸಕ್ಕರೆ ಕಾಯಿಲೆ, ಡಿಸೆಂಬರ್ 1 ಏಡ್ಸ್. ಓದಿ ಮುಗಿಸುವಾಗ ಚಾ ತಣ್ಣಗಾಗಿತ್ತು.

ಕಳೆದ ವರ್ಷ ಏಪ್ರಿಲ್ 7ಕ್ಕೆ ವಿಶ್ವ ಆರೋಗ್ಯ ದಿನ ಅಂತ ಬ್ಯಾನರ್ ಕಟ್ಟಿ, ಒಂದು ಭಾಷಣ ಇಟ್ಟು, ಫೋಟೋ ತೆಗೆದು ಮುಗಿಸಿದ್ದೆವು. ಆ ಬ್ಯಾನರ್ ಈಗ ಯಾರದೋ ಕಟ್ಟಿಗೆ ರಾಶಿಯ ಮೇಲೆ ಉಂಟು. ಈ ಸಲ ಹಾಗೆ ಆಗಬಾರದು ಅಂತ ನಮ್ಮ ಆಸೆ. ದುಡ್ಡು ಜಾಸ್ತಿ ಇಲ್ಲ. ಹತ್ತಿಪ್ಪತ್ತು ಹುಡುಗರು ಇದ್ದಾರೆ, ಕೆಲಸಕ್ಕೆ ಬರುತ್ತಾರೆ. ಪಟ್ಟಿಯಲ್ಲಿ ಯಾವುದನ್ನು ಹಿಡಿಯೋಣ? ಹೇಗೆ ಮಾಡೋಣ?

ತೋಟದ ಭಟ್ಟ:
ಒಳ್ಳೆ ಪ್ರಶ್ನೆ. ಆದರೆ ತಮ್ಮಾ, ಈ ದಿನಾಚರಣೆ ಎಂಬುದೇ ಸರಕಾರದವರ ಲೆಕ್ಕಕ್ಕೆ ಇರುವ ಸಂಗತಿ. ಡಿಪಾರ್ಟ್‌ಮೆಂಟಿಗೆ ರಿಪೋರ್ಟು ಹೋಗಬೇಕು, ಅದಕ್ಕೆ ಫೋಟೋ ಬೇಕು. ಫೋಟೋ ಆಯ್ತಲ್ಲ, ಇನ್ನೆಂತ?

ನಿವೃತ್ತ ಮಾಷ್ಟ್ರು:
ಭಟ್ರೇ, ಅಷ್ಟು ಸುಲಭದಲ್ಲಿ ತಳ್ಳಿಹಾಕಬೇಡಿ. ದಿನಗಳನ್ನು ಯಾರೋ ಸುಮ್ನೆ ಕಣ್ಣುಮುಚ್ಚಿ ಇಟ್ಟದ್ದಲ್ಲ. ಮಾರ್ಚ್ 24 ಯಾಕೆ ಅಂದ್ರೆ 1882ರಲ್ಲಿ ಅದೇ ದಿನ ರಾಬರ್ಟ್ ಕಾಕ್ ಬರ್ಲಿನ್‌ನಲ್ಲಿ ಕ್ಷಯದ ರೋಗಾಣುವನ್ನು ಕಂಡುಹಿಡಿದದ್ದನ್ನು ಹೇಳಿದರು. ನವೆಂಬರ್ 14 ಇನ್ಸುಲಿನ್ ಕಂಡುಹಿಡಿದ ಫ್ರೆಡರಿಕ್ ಬ್ಯಾಂಟಿಂಗ್ ಹುಟ್ಟಿದ ದಿನ. ಜೂನ್ 14 ರಕ್ತದ ಗುಂಪುಗಳನ್ನು ಗುರುತಿಸಿದ ಕಾರ್ಲ್ ಲ್ಯಾಂಡ್‌ಸ್ಟೈನರ್ ಹುಟ್ಟಿದ ದಿನ. ಕುಷ್ಠರೋಗದ ದಿನವನ್ನು ಬೇರೆ ದೇಶದವರು ಜನವರಿಯ ಕೊನೆಯ ಭಾನುವಾರ ಮಾಡುತ್ತಾರೆ. ನಾವು ಗಾಂಧೀಜಿ ತೀರಿಕೊಂಡ 30ನೇ ತಾರೀಕಿಗೆ ಇಟ್ಟುಕೊಂಡಿದ್ದೇವೆ. ಸೇವಾಗ್ರಾಮದಲ್ಲಿ ಪರಚುರೆ ಶಾಸ್ತ್ರಿಗಳ ಗಾಯವನ್ನು ಗಾಂಧೀಜಿ ತಾವೇ ತೊಳೆಯುತ್ತಿದ್ದರು. ಮಕ್ಕಳಿಗೆ ಈ ಕತೆ ಹೇಳಿದರೆ ಭಾಷಣಕ್ಕಿಂತ ಚೆನ್ನಾಗಿ ತಲೆಗೆ ಹೋಗುತ್ತದೆ.

ಆದರೆ ಒಂದು ಮಾತು ಉಂಟು. ಈ ತಾರೀಕುಗಳಲ್ಲಿ ನಮ್ಮ ಹವಾಮಾನ ನೋಡಿ ಇಟ್ಟದ್ದು ಕಡಿಮೆ. ಮೇ 16ರ ಡೆಂಗಿ ದಿನ ಮಾತ್ರ ಹಾಗಲ್ಲ. ಅದು ನಮ್ಮ ದೇಶದ್ದೇ ದಿನ, ಮಳೆಗೆ ಮೊದಲು ಜನ ಎಚ್ಚರ ಆಗಲಿ ಅಂತ ಇಟ್ಟದ್ದು. ಕೇರಳಕ್ಕೆ ಮಳೆಗಾಲ ಕಾಲಿಡುವುದು ಜೂನ್ 1ರ ಆಸುಪಾಸು. ನಡುವೆ ಎರಡು ವಾರ ಸಿಗುತ್ತದೆ. ನಾನಾದರೆ ಅದನ್ನೇ ಹಿಡಿಯುತ್ತೇನೆ.

ಆಶಾ ಅಕ್ಕ, ಕುಂಬಳೆ ಕಡೆ:
ಮಾಷ್ಟ್ರು ಹೇಳಿದ್ದು ಸರಿ. ನಾನು ಆಶಾ ಕಾರ್ಯಕರ್ತೆ, ವಾರ್ಡಿನ ಎಲ್ಲ ಮನೆ ಮೆಟ್ಟಿಲು ಹತ್ತಿದವಳು. ಒಳಗಿನ ವಿಷಯ ಹೇಳ್ತೇನೆ ಕೇಳಿ.

ಡೆಂಗಿ ದಿನ ಅಂದ್ರೆ ಜನ ಚರಂಡಿಗೆ ಮದ್ದು ಬಿಡಿ ಅಂತಾರೆ. ಡೆಂಗಿಯ ನುಸಿ, ಅಂದ್ರೆ ಸೊಳ್ಳೆ, ಚರಂಡಿಯ ಕೊಳಕು ನೀರಿನದ್ದಲ್ಲ. ಅದಕ್ಕೆ ಬೇಕಾದ್ದು ಚೂರು ತಿಳಿ ನೀರು. ನಮ್ಮ ಕಡೆ ಅದು ಎಲ್ಲಿ ಸಿಗುತ್ತದೆ ಗೊತ್ತುಂಟಾ? ತೋಟದಲ್ಲಿ. ಬಿದ್ದ ಅಡಿಕೆ ಹಾಳೆಯ ಗುಳಿಯಲ್ಲಿ, ರಬ್ಬರಿನ ಗೆರಟೆಯಲ್ಲಿ, ಇಲಿ ಕೊರೆದ ಕೊಕ್ಕೋ ಕಾಯಿಯಲ್ಲಿ, ಅನಾನಸು ಎಲೆಯ ಬುಡದಲ್ಲಿ, ಅಡಿಕೆಗೆ ಬಿಡುವ ಬೋರ್ಡೋ ಮದ್ದು ಕಲಸಲು ನೀರು ತುಂಬಿಸಿಟ್ಟ ಡ್ರಮ್ಮಿನಲ್ಲಿ. ಮನೆ ಒಳಗೆ ಫ್ರಿಜ್ಜಿನ ಹಿಂದಿನ ತಟ್ಟೆ. ಅದನ್ನು ಎಳೆದು ನೋಡಿದ ಮನೆ ನನ್ನ ವಾರ್ಡಿನಲ್ಲಿ ತೀರಾ ಕಡಿಮೆ.

ಮಳೆ ಬಂದು ವಾರ ಕಳೆದ ಮೇಲೆ ಒಂದು ಹಾಳೆಯನ್ನು ಅಲುಗಾಡಿಸದೆ ಬಗ್ಗಿ ನೋಡಿ. ಅಂಗೈಯಷ್ಟು ನೀರು, ಚಾದ ಬಣ್ಣ. ಮೊದಲು ಏನೂ ಕಾಣುವುದಿಲ್ಲ. ಟಾರ್ಚು ಬಿಟ್ಟ ಕೂಡಲೇ ಕೂದಲೆಳೆಯಂಥ ಮರಿಗಳು ತಲೆ ಕೆಳಗೆ ಮಾಡಿ ಕುಣಿಯುತ್ತಾ ಅಡಿಗೆ ಓಡುತ್ತವೆ. ಇದನ್ನು ಒಂದು ಸಲ ಕಣ್ಣಾರೆ ಕಂಡ ಮಕ್ಕಳಿಗೆ ಮತ್ತೆ ಹೇಳಬೇಕಾಗಿಲ್ಲ. ಅವರೇ ಮನೆಯಲ್ಲಿ ಅಪ್ಪನನ್ನು ಬೈಯುತ್ತಾರೆ.

ತೋಟದ ಭಟ್ಟ:
ಅಕ್ಕಾ, ಹಾಳೆ ಹೆಕ್ಕಲು ಆಳು ಸಿಗಬೇಕಲ್ಲ. ಅಡಿಕೆ ಹೆಕ್ಕಲೇ ಜನ ಇಲ್ಲ.

ಆಶಾ ಅಕ್ಕ, ಕುಂಬಳೆ ಕಡೆ:
ಹೆಕ್ಕುವುದು ಬೇಡ ಅಣ್ಣ, ಕವುಚಿ ಹಾಕಿದರೆ ಸಾಕು. ಗುಳಿ ಇರುವ ಕಡೆ ಕೆಳಗೆ. ಕಾಲಿನಿಂದಲೇ ಆಗುತ್ತದೆ, ಬಗ್ಗುವುದೂ ಬೇಡ. ವಾರಕ್ಕೊಮ್ಮೆ ಆಗಬೇಕು, ಅಷ್ಟೇ. ಮೊಟ್ಟೆಯಿಂದ ಹಾರುವ ನುಸಿ ಆಗಲು ಏಳೆಂಟು ದಿನ ಬೇಕು, ಅದರೊಳಗೆ ನೀರು ಚೆಲ್ಲಿದರೆ ಆ ಬಳಗ ಮುಗಿಯಿತು. ನಿಂತ ನೀರು ಚೆಲ್ಲುವ ಡ್ರೈ ಡೇ ಅಂತ ಶುಕ್ರವಾರ ಶಾಲೆಯಲ್ಲಿ, ಶನಿವಾರ ಆಫೀಸುಗಳಲ್ಲಿ, ಭಾನುವಾರ ಮನೆಗಳಲ್ಲಿ ಮಾಡಲು ಸರಕಾರ ಹೇಳುವುದು ಇದೇ ಲೆಕ್ಕದಲ್ಲಿ.

ಡ್ರಮ್ಮಿನ ವಿಷಯದಲ್ಲಿ ನೀರು ಚೆಲ್ಲಿದರೆ ಮಾತ್ರ ಸಾಲದು. ಮೊಟ್ಟೆ ಡ್ರಮ್ಮಿನ ಗೋಡೆಗೆ ಅಂಟಿಕೊಂಡಿರುತ್ತದೆ. ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ. ಮುಂದಿನ ಮಳೆಗೆ ನೀರು ತಾಗಿದರೆ ಮರಿ ಆಗುತ್ತದೆ. ತೆಂಗಿನ ನಾರಿನಲ್ಲಿ ಉಜ್ಜಿ ತೊಳೆಯಬೇಕು.

ಚೆಂಡೆ ಪೆಟ್ಟು:
ನನ್ನದೊಂದು ಐಡಿಯಾ. ಮೇ 16 ಅಂದ್ರೆ ಆಟ, ಕೋಲಗಳು ನಿಲ್ಲುವ ಪತ್ತನಾಜೆಗೆ ಮೊದಲು. ಯಕ್ಷಗಾನ ಮೇಳಗಳು ಇನ್ನೂ ಗೆಜ್ಜೆ ಬಿಚ್ಚಿರುವುದಿಲ್ಲ. ಭೂತದ ಕೋಲ, ನೇಮ, ಯಕ್ಷಗಾನದ ಆಟ ಎಲ್ಲ ಕೊನೆಯ ಸುತ್ತಿನಲ್ಲಿ ಇರುತ್ತದೆ, ಜನ ರಾತ್ರಿ ಬಂದು ಸೇರುತ್ತಾರೆ. ನೀವು ಬೇರೆ ಸಭೆ ಮಾಡಿ ಜನ ಕರೆಯುವುದು ಯಾಕೆ? ಆಟದ ಚೌಕಿಯ ಹತ್ತಿರ ಒಂದು ಮೇಜು ಹಾಕಿ. ಎರಡು ಗಾಜಿನ ಬಾಟ್ಲಿಯಲ್ಲಿ ಮರಿ ಇಟ್ಟು ತೋರಿಸಿ. ಬಾಯಿಗೆ ಬಟ್ಟೆ ಕಟ್ಟಲು ಮರೆಯಬೇಡಿ, ಇಲ್ಲದಿದ್ರೆ ಭಾಗವತರಿಗೇ ಡೆಂಗಿ!

ಬೇಕಾದರೆ ನುಸಿಯನ್ನೇ ರಕ್ಕಸ ಮಾಡಿ ವೇಷವಿಲ್ಲದೆ ಕೂತು ವಾದ ಮಾಡುವ ಒಂದು ಗಂಟೆಯ ತಾಳಮದ್ದಳೆ ಮಾಡೋಣ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವರು ನಾವು, ಅಷ್ಟೂ ಆಗದಾ?

ನಿವೃತ್ತ ಮಾಷ್ಟ್ರು:
ಮೇಜು ಆಗಬಹುದು. ತಾಳಮದ್ದಳೆ ಬೇಡ ಮಾರಾಯ. ಅರ್ಥಧಾರಿಗಳು ಶುರು ಮಾಡಿದರೆ ನುಸಿಯ ಪಕ್ಷವೇ ಗೆಲ್ಲುತ್ತದೆ.

ಬಾಯಾರಿನವ, ಈಗ ಬೆಂಗಳೂರು:
ಓದ್ತಾ ಇದ್ದೇನೆ, ಖುಷಿ ಆಗ್ತಾ ಉಂಟು. ಪಟ್ಟಿಯಲ್ಲಿ ಇಲ್ಲದ ಒಂದು ದಿನ ಸೇರಿಸಿ. ಅಕ್ಟೋಬರ್ 29, ಪಾರ್ಶ್ವವಾಯುವಿನ ದಿನ. ನಮ್ಮ ಮನೆಯಲ್ಲಿ ದೊಡ್ಡಪ್ಪನಿಗೆ ಬೆಳಿಗ್ಗೆ ಬಾಯಿ ಒಂದು ಬದಿಗೆ ವಾಲಿತು, ಮಾತು ತೊದಲಿತು. ವಾತ ಅಂತ ಎಣ್ಣೆ ತಿಕ್ಕಿದರು. ಆಮೇಲೆ ಹತ್ತಿರದ ಒಂದು ಕ್ಲಿನಿಕ್, ಅಲ್ಲಿ ಡ್ರಿಪ್. ಆಮೇಲೆ ಇನ್ನೊಂದು ಆಸ್ಪತ್ರೆ, ಅಲ್ಲಿ ಸ್ಕ್ಯಾನಿಂಗ್ ಇಲ್ಲ. ಮಂಗಳೂರು ಮುಟ್ಟುವಾಗ ಮಧ್ಯಾಹ್ನ ಕಳೆದಿತ್ತು. ಹೆಪ್ಪು ಕರಗಿಸುವ ಇಂಜೆಕ್ಷನ್ ನಾಲ್ಕೂವರೆ ಗಂಟೆಯ ಒಳಗೆ ಕೊಡಬೇಕು ಅಂತ ಡಾಕ್ಟರು ಆಗ ಹೇಳಿದರು. ಬಲಗೈ ಇಂದಿಗೂ ಏಳುವುದಿಲ್ಲ.

ನಮ್ಮ ಕಡೆ ಇದು ದೊಡ್ಡ ವಿಷಯ, ಅಲ್ವಾ? ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜಿಗೆ ಕಲ್ಲು ಹಾಕಿದ್ದು 2013ರಲ್ಲಿ. ದೊಡ್ಡ ಕಾಯಿಲೆಗೆ ಜನ ಇನ್ನೂ ಮಂಗಳೂರಿಗೇ ಓಡುತ್ತಾರೆ. 2020ರ ಮಾರ್ಚಿನಲ್ಲಿ ಕೊರೋನಾ ಅಂತ ಕರ್ನಾಟಕದ ಗಡಿ ತಲಪಾಡಿ ಮುಚ್ಚಿದಾಗ ಆಂಬುಲೆನ್ಸುಗಳು ಗಡಿಯಲ್ಲಿ ನಿಂತದ್ದನ್ನು ಯಾರೂ ಮರೆತಿಲ್ಲ. ಹಾಗಿರುವಾಗ ಮುಖ ವಾಲಿದರೆ, ಕೈ ಸೋತರೆ, ಮಾತು ತಡವರಿಸಿದರೆ ನೇರ ಎಲ್ಲಿಗೆ ಹೋಗಬೇಕು, ಯಾವ ಆಸ್ಪತ್ರೆಯಲ್ಲಿ ರಾತ್ರಿಯೂ ಸಿಟಿ ಸ್ಕ್ಯಾನ್ ಉಂಟು ಅಂತ ವಿಚಾರಿಸಿ ಒಂದು ಚೀಟಿ ಮಾಡಿ. ಪ್ರತಿ ಅಂಗಡಿಯಲ್ಲಿ, ಪ್ರತಿ ಜೀಪು ಸ್ಟ್ಯಾಂಡಿನಲ್ಲಿ ಅಂಟಿಸಿ. ಆಟೋದವರಿಗೆ, ಜೀಪಿನವರಿಗೆ ಮೊದಲು ಗೊತ್ತಾಗಬೇಕು. ಅವರೇ ಕರೆದುಕೊಂಡು ಹೋಗುವವರು. ಚೀಟಿಯ ಪ್ರಿಂಟಿನ ಖರ್ಚು ನನ್ನದು.

ಎಣ್ಮಕಜೆ ಹುಡುಗ:
ಅಣ್ಣ, ಇದು ಖಂಡಿತ ಮಾಡ್ತೇವೆ. ಇದಕ್ಕೆ ಅಕ್ಟೋಬರ್ ತನಕ ಕಾಯುವುದೂ ಬೇಡ.

ಪಡ್ರೆ ಕಡೆಯವಳು:
ನಾನು ಸ್ವಲ್ಪ ಖಾರವಾಗಿ ಬರೆಯುತ್ತೇನೆ, ಬೇಸರ ಮಾಡಬೇಡಿ. ನಮ್ಮ ಕಡೆ ಗೇರು ತೋಟಕ್ಕೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಬಿಡುವುದು 2000ದಲ್ಲಿ ನಿಂತಿತು. ಸುಪ್ರೀಂ ಕೋರ್ಟು ದೇಶಕ್ಕೇ ಬೇಡ ಅಂದದ್ದು 2011ರಲ್ಲಿ. ಈ ವರ್ಷಗಳಲ್ಲಿ ನಮ್ಮ ಮನೆಗಳಿಗೆ ಬಾರದ ಕ್ಯಾಮರಾ ಇಲ್ಲ, ಆಗದ ಕ್ಯಾಂಪ್ ಇಲ್ಲ. ಮೊದಮೊದಲು ಊರಿನಲ್ಲೇ ಇದ್ದ ಡಾಕ್ಟರು ವೈ.ಎಸ್. ಮೋಹನ ಕುಮಾರರು ರೋಗಿಗಳನ್ನು ಗಮನಿಸಿ ಬರೆದಿಟ್ಟದ್ದು, ಶ್ರೀಪಡ್ರೆಯವರು ಪತ್ರಿಕೆಗಳಲ್ಲಿ ಬರೆದದ್ದು, ಇವೆಲ್ಲ ಯಾವ ದಿನಾಚರಣೆಯೂ ಅಲ್ಲ. ಊರಿನವರೇ ವರ್ಷಗಟ್ಟಲೆ ಕಣ್ಣಿಟ್ಟು ನೋಡಿದ್ದರಿಂದ ಹೊರಗೆ ಬಂದದ್ದು.

ಈಗ ನಮ್ಮ ಹಿರಿಯರು ಕ್ಯಾಂಪ್ ಅಂದ ಕೂಡಲೇ ಕೇಳುವುದು ಒಂದೇ ಪ್ರಶ್ನೆ: "ರಕ್ತ ತೆಗೆದು ಹೋಗ್ತಾರೆ, ರಿಪೋರ್ಟು ಯಾರು ತಂದು ಕೊಡುದು?" ಒಂದು ಸಂಸ್ಥೆಯವರು ಬಂದು ಊರಿಡೀ ರಕ್ತ ತೆಗೆದರು. ಏನು ಸಿಕ್ಕಿತು ಅಂತ ನಮ್ಮಮ್ಮನಿಗೆ ಇಂದಿನವರೆಗೆ ಗೊತ್ತಿಲ್ಲ. ಆದ್ದರಿಂದ ದಯವಿಟ್ಟು, ರಿಪೋರ್ಟು ಮನೆಗೆ ಮುಟ್ಟಿಸಲು ಜನ ಇಲ್ಲದಿದ್ದರೆ ಕ್ಯಾಂಪ್ ಇಡಬೇಡಿ.

ಲ್ಯಾಬಿನವ, ಉಪ್ಪಳ:
ಅಕ್ಕ ಹೇಳಿದ್ದಕ್ಕೆ ನನ್ನದೂ ಒಂದು ಕೈ. ನಾನು ಲ್ಯಾಬ್ ಟೆಕ್ನೀಷಿಯನ್. ಬಿಪಿ, ಶುಗರ್ ಕ್ಯಾಂಪಿಗೆ ನನ್ನನ್ನು ಕರೆಯುತ್ತಾರೆ. ಜಾತ್ರೆ ಗದ್ದೆಯಲ್ಲಿ ಮೇಜು. ಜನ ಗುಡ್ಡ ಹತ್ತಿ ಬೆವರು ಸುರಿಸಿಕೊಂಡು ಬರುತ್ತಾರೆ, ಬಾಯಲ್ಲಿ ಎಲೆ ಅಡಿಕೆಯ ಕವಳ, ಹಿಂದೆ ಚೆಂಡೆಯ ಗದ್ದಲ, ಹಾಗೇ ನಿಂತುಕೊಂಡೇ ಕೈ ಚಾಚುತ್ತಾರೆ. ಬಿಪಿ 160 ತೋರಿಸದೆ ಇನ್ನೇನು? ಅರ್ಧ ಗಂಟೆ ಮೊದಲಿನಿಂದ ಚಾ, ಕಾಫಿ, ಬೀಡಿ, ಹೊಗೆಸೊಪ್ಪು ಇರಬಾರದು. ಐದು ನಿಮಿಷ ಬೆನ್ನು ಒರಗಿಸಿ ಸುಮ್ನೆ ಕೂರಬೇಕು, ಪಾದ ನೆಲಕ್ಕೆ ತಾಗಿರಬೇಕು, ಮಾತಾಡಬಾರದು. ಎರಡು ಸಲ ನೋಡಬೇಕು. 140/90 ಅಥವಾ ಅದಕ್ಕಿಂತ ಮೇಲೆ ಇದ್ದರೆ ಬೇರೆ ದಿನ ಇನ್ನೊಮ್ಮೆ ನೋಡಿಸಬೇಕು. ಒಂದೇ ಸಲದಲ್ಲಿ ನಿಮಗೆ ಬಿಪಿ ಉಂಟು ಅಂತ ಹೆದರಿಸಿ ಕಳಿಸುವುದು ತಪ್ಪು.

ಶುಗರೂ ಹಾಗೇ. ಊಟ ಮುಗಿಸಿ, ಪಾಯಸ ಕುಡಿದು, ಕೈ ತೊಳೆಯದೆ ಬಂದರೆ ಬೆರಳಿನ ಬೆಲ್ಲವೇ ಮೆಷಿನಿಗೆ ಸಿಗುವುದು. ಖಾಲಿ ಹೊಟ್ಟೆಯಲ್ಲಿ 126 ಅಥವಾ ಮೇಲೆ ಬಂದರೆ ಸರಿಯಾದ ಲ್ಯಾಬಿನಲ್ಲಿ ಮತ್ತೊಮ್ಮೆ ನೋಡಿಸಬೇಕು.

ನನ್ನ ಲೆಕ್ಕದಲ್ಲಿ ಕ್ಯಾಂಪಿನ ದಿನಕ್ಕಿಂತ ಮರುದಿನದ ಪುಸ್ತಕ ಮುಖ್ಯ. ಹೆಸರು, ಮನೆ, ಎಷ್ಟು ಬಂತು, ಆಸ್ಪತ್ರೆಗೆ ಹೋದರಾ, ಮಾತ್ರೆ ಶುರು ಮಾಡಿದರಾ. ಒಂದು ತಿಂಗಳು ಬಿಟ್ಟು ಅದೇ ಪುಸ್ತಕ ಹಿಡಿದು ಮನೆಗೆ ಹೋಗುವ ಇಬ್ಬರು ಹುಡುಗರು ಇದ್ದರೆ ನನ್ನನ್ನು ಕರೆಯಿರಿ, ದುಡ್ಡು ಬೇಡ. ಇಲ್ಲದಿದ್ದರೆ ನಾನು ಬರುವುದಿಲ್ಲ. ಆ ಪುಸ್ತಕವನ್ನು ಗ್ರಂಥಾಲಯದ ಮೇಜಿನ ಮೇಲೆ ಬಿಟ್ಟುಬಿಡಬೇಡಿ, ಬೀಗದೊಳಗೆ ಇಡಿ. ಒಬ್ಬರ ಕಾಯಿಲೆ ಇನ್ನೊಬ್ಬರ ಬಾಯಿಗೆ ಬೀಳಬಾರದು.

ಆಶಾ ಅಕ್ಕ, ಕುಂಬಳೆ ಕಡೆ:
ಲ್ಯಾಬಿನವರೇ, ನೂರು ಸಲ ಸರಿ. ಕುಟುಂಬ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರಿನ ಮಾತ್ರೆ ಕೊಡುತ್ತಾರೆ. ಜನರಿಗೆ ಗೊತ್ತಿಲ್ಲದೆ ಮೆಡಿಕಲ್ಲಿನಲ್ಲಿ ದುಡ್ಡು ಕೊಟ್ಟು ತರುತ್ತಾರೆ. ಅರ್ಧ ತಿಂಗಳಿಗೆ ದುಡ್ಡು ಮುಗಿಯುತ್ತದೆ, ಮಾತ್ರೆ ನಿಲ್ಲುತ್ತದೆ.

ತೋಟದ ಭಟ್ಟ:
ಮೇ 31ರ ತಂಬಾಕು ದಿನದ ಬಗ್ಗೆ ಯಾರೂ ಮಾತಾಡಲಿಲ್ಲ. ಮಾತಾಡದೆ ಇರುವುದೇ ಒಳ್ಳೆಯದು ಅಂತ ಕಾಣುತ್ತದೆ. ಪ್ರತಿ ವರ್ಷ ಬರುತ್ತಾರೆ, ತಂಬಾಕಿನ ಜೊತೆ ಅಡಿಕೆಯನ್ನೂ ಸೇರಿಸಿ ಬೈದು ಹೋಗುತ್ತಾರೆ. ಮೈಕ್ ಹಿಡಿದವನ ಮನೆಯೂ ಅಡಿಕೆಯಿಂದಲೇ ನಡೆಯುವುದು. ಸಿಪಿಸಿಆರ್‌ಐ ಎಂಬ ಸಂಶೋಧನಾ ಕೇಂದ್ರವೇ ನಮ್ಮ ಕಾಸರಗೋಡಿನಲ್ಲಿ ಅಡಿಕೆ, ತೆಂಗಿಗಾಗಿ ಉಂಟು. ಬೆಳೆಯಿರಿ ಅಂತ ಒಬ್ಬರು, ತಿನ್ನಬೇಡಿ ಅಂತ ಇನ್ನೊಬ್ಬರು.

ಹಲ್ಲಿನ ಡಾಕ್ಟರು, ಊರು ಬದಿಯಡ್ಕ:
ಭಟ್ರೇ, ನಮಸ್ಕಾರ. ನಮ್ಮ ಅಜ್ಜನ ತೋಟದ ದುಡ್ಡಿನಲ್ಲೇ ನಾನೂ ಓದಿದ್ದು, ಆದ್ದರಿಂದ ಅಡಿಕೆಗೆ ಬೈಯುವ ಧೈರ್ಯ ನನಗಿಲ್ಲ. ಆದರೆ ಬಾಯಿ ನೋಡುವುದು ನನ್ನ ಕೆಲಸ, ಕಂಡದ್ದನ್ನು ಮುಚ್ಚಿಡಲಿಕ್ಕೆ ಆಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಹೊಗೆಸೊಪ್ಪು ಇಲ್ಲದ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಹಾಕಿದೆ. ನಿಮಗೆ ಅದು ಒಪ್ಪಿಗೆ ಇಲ್ಲದಿರಬಹುದು, ಅದರ ವಾದ ಇಲ್ಲಿ ಬೇಡ. ಮರ ಕಡಿಯಿರಿ ಅಂತ ನಾನು ಹೇಳುತ್ತಿಲ್ಲ.

ಮೇ 31ಕ್ಕೆ ಭಾಷಣದ ಬದಲು ಒಂದು ಕೆಲಸ ಮಾಡಿ. ನಿಮ್ಮದೇ ಮೂರು ಬೆರಳು ಸೇರಿಸಿ, ಒಂದರ ಮೇಲೊಂದು ಬರುವ ಹಾಗೆ ಅಡ್ಡ ಹಿಡಿದು, ಮೇಲಿನ ಮತ್ತು ಕೆಳಗಿನ ಹಲ್ಲಿನ ನಡುವೆ ಹೋಗುತ್ತದಾ ನೋಡಿ. ಹೋಗದಿದ್ದರೆ ಬಾಯಿ ಬಿಗಿಯುತ್ತಾ ಉಂಟು ಅಂತ ಸಂಶಯ, ತೋರಿಸಬೇಕು. ಆಮೇಲೆ ಕನ್ನಡಿ ಎದುರು ಟಾರ್ಚು ಹಿಡಿದು ಕವಳ ಇಟ್ಟುಕೊಳ್ಳುವ ಕೆನ್ನೆಯ ಒಳಭಾಗ, ನಾಲಗೆಯ ಬದಿ, ನಾಲಗೆಯ ಅಡಿ ನೋಡಿ. ಉಜ್ಜಿದರೂ ಹೋಗದ ಬಿಳಿ ಕಲೆ, ಕೆಂಪು ಕಲೆ, ಎರಡು ಮೂರು ವಾರವಾದರೂ ಒಣಗದ ಹುಣ್ಣು, ಖಾರ ತಾಗಿದ ಕೂಡಲೇ ಉರಿ, ಇದ್ಯಾವುದಿದ್ದರೂ ಡಾಕ್ಟರ ಹತ್ತಿರ ಬನ್ನಿ. ನೋವಿಲ್ಲ ಅಂತ ಬಿಡಬೇಡಿ. ಶುರುವಿನಲ್ಲಿ ನೋವು ಇರುವುದೇ ಇಲ್ಲ, ಅದೇ ಮೋಸ.

ಇನ್ನೊಂದು, ಶಾಲೆಯ 100 ಗಜದ ಒಳಗೆ ತಂಬಾಕು ಮಾರಬಾರದು ಅಂತ 2003ರ ಕಾನೂನೇ ಉಂಟು. ಜೂನಿನಲ್ಲಿ ಶಾಲೆ ಶುರುವಾಗುವ ಮೊದಲು ಪಿಟಿಎಯವರು ಅಂಗಡಿಯವರ ಹತ್ತಿರ ನಗುನಗುತ್ತಾ ಮಾತಾಡಿದರೆ ಸಾಕು, ಪೋಲೀಸು ಬೇಡ.

ತೋಟದ ಭಟ್ಟ:
ಬೆರಳು ಹೋಯಿತು ಡಾಕ್ಟ್ರೇ. ಆದರೂ ಮನೆಯವಳು ಟಾರ್ಚು ಹಿಡಿದು ನೋಡಿ, "ಎಡಗಡೆ ಎಂತದೋ ಬೆಳ್ಳಗೆ ಉಂಟು" ಅಂದಳು. ಬರುವ ವಾರ ನಿಮ್ಮ ಕಡೆ ಬರುತ್ತೇನೆ.

ಪುತ್ತಿಗೆಯ ಅಮ್ಮ:
ನೋಟೀಸಿನ ಬಗ್ಗೆ ಒಂದು ಮಾತು. ಆರೋಗ್ಯ ಕೇಂದ್ರದಿಂದ ಬರುವ ಕಾಗದ ಹೆಚ್ಚಾಗಿ ಮಲಯಾಳದಲ್ಲೇ ಇರುತ್ತದೆ. ಶಾಲೆಗೆ ಹೋಗುವ ಮಕ್ಕಳಿಗೆ ಓದಲು ಬರುತ್ತದೆ, ನನ್ನ ಅತ್ತೆಗೆ ಬರುವುದಿಲ್ಲ. ಇಲಿಜ್ವರ ಬಾರದ ಹಾಗೆ ತಿನ್ನುವ ಮಾತ್ರೆಯ ಚೀಟಿ ಹಾಗೇ ಬಂದಿತ್ತು. ಗದ್ದೆ ಕೆಲಸಕ್ಕೆ ಹೋಗುವವರು ಡಾಕ್ಸಿಸೈಕ್ಲಿನ್ ವಾರಕ್ಕೊಮ್ಮೆ ಊಟ ಆದ ಮೇಲೆ ತಿನ್ನಬೇಕು ಅಂತ ಅದರಲ್ಲಿ ಇತ್ತಂತೆ. ಅತ್ತೆ ಜ್ವರದ ಮಾತ್ರೆ ಅಂತ ಡಬ್ಬಿಯಲ್ಲಿ ತೆಗೆದಿಟ್ಟರು, ಜ್ವರ ಬಂದಾಗ ತಿನ್ನಲು. ಗ್ರಂಥಾಲಯದವರು ಬೇರೇನೂ ಮಾಡದಿದ್ದರೂ ಪರವಾಗಿಲ್ಲ, ಆ ಕಾಗದಗಳನ್ನು ದೊಡ್ಡ ಅಕ್ಷರದ ಕನ್ನಡದಲ್ಲಿ ಬರೆದು ಹಾಲಿನ ಡೈರಿಯಲ್ಲಿ ಅಂಟಿಸಿ. ಬೆಳಿಗ್ಗೆ ಎಲ್ಲರೂ ಅಲ್ಲಿ ಕ್ಯೂ ನಿಲ್ಲುತ್ತಾರೆ.

ಎಣ್ಮಕಜೆ ಹುಡುಗ:
ಅಮ್ಮಾ, ಇದು ನಮ್ಮಿಂದ ಖಂಡಿತ ಆಗುವ ಕೆಲಸ. ಬರೆದ ಮೇಲೆ ಆರೋಗ್ಯ ಕೇಂದ್ರದ ಸಿಸ್ಟರಿಗೆ ತೋರಿಸಿ ಒಪ್ಪಿಗೆ ತೆಗೆದುಕೊಂಡೇ ಅಂಟಿಸುತ್ತೇವೆ. ಮದ್ದಿನ ಪ್ರಮಾಣ ತಪ್ಪಬಾರದಲ್ಲ.

ಗಡಿಯಾಚೆ, ವಿಟ್ಲ:
ಜುಲೈ 28ರ ಕಾಮಾಲೆ ದಿನ ಬರುವುದು ತುಳುವರ ಆಟಿ ತಿಂಗಳಲ್ಲಿ. ನಮ್ಮಲ್ಲಿ ಆಟಿಕೂಟ, ಆಟಿ ಅಮಾವಾಸ್ಯೆ ಎಲ್ಲ ಆಗುತ್ತದೆ. ಎರಡನ್ನೂ ಸೇರಿಸಿ. ಪತ್ರೊಡೆ ತಿನ್ನಲು ಬಂದ ಜನರಿಗೆ ನೀರಿನ ಮಾತು ಹೇಳಿ. ಮದುವೆ ಮನೆಗಳಲ್ಲಿ ನಾನು ನೋಡಿದ್ದು: ಕುದಿಸಿದ ಬಿಸಿನೀರಿಗೆ ಬಾವಿಯ ತಣ್ಣೀರು ಬೆರೆಸಿ ಉಗುರುಬೆಚ್ಚಗೆ ಮಾಡಿ ಕೊಡುತ್ತಾರೆ. ಬಣ್ಣದ ಪುಡಿ ಹಾಕಿದ ಕಾರಣ ಕುದಿಸಿದ್ದು ಅಂತ ನಾವೂ ಕುಡಿಯುತ್ತೇವೆ. ಕುದಿಸಿದ್ದು ಎಲ್ಲಾ ವ್ಯರ್ಥ. ಕುದಿಸಿ, ಮುಚ್ಚಿಟ್ಟು, ತಾನಾಗಿ ತಣಿಯಲು ಬಿಡಬೇಕು. ಅಡುಗೆ ಭಟ್ಟರನ್ನು ಮತ್ತು ಬಡಿಸುವ ಹುಡುಗರನ್ನು ಹಿಡಿದು ಹೇಳಿದರೆ ಒಂದು ಊರಿಡೀ ಬಚಾವ್.

ಹಾಗೇ ಪಾಲೆ ಮರದ ಕೆತ್ತೆಯ, ಅಂದ್ರೆ ತೊಗಟೆಯ, ವಿಷಯ. ಅಮಾವಾಸ್ಯೆಯ ಕಷಾಯಕ್ಕೆ ಕತ್ತಲಲ್ಲಿ ಹೋಗಿ ವಿಷದ ಮರ ಕಾಸರಕದ ಕೆತ್ತೆ ತಂದರೆ ಜೀವಕ್ಕೇ ಸಂಚಕಾರ. ಹಿಂದಿನ ದಿನ ಹಗಲಲ್ಲೇ ಮರ ಗೊತ್ತಿದ್ದ ಹಿರಿಯರನ್ನು ಕರೆದುಕೊಂಡು ಹೋಗಿ ಗುರುತು ಮಾಡಿ. ಪಾಲೆಗೆ ಬಿಳಿ ಹಾಲು ಬರುತ್ತದೆ, ಕಾಸರಕಕ್ಕೆ ಬರುವುದಿಲ್ಲ. ಆದರೆ ಹಾಲು ಕಂಡಿತು ಅಂತ ಅದೊಂದನ್ನೇ ನಂಬಿ ಕೆತ್ತಲು ಹೋಗಬೇಡಿ.

ಬಾವಿಯ ಕ್ಲೋರಿನೇಷನ್ನಿಗೆ 1000 ಲೀಟರ್ ನೀರಿಗೆ ಎರಡೂವರೆ ಗ್ರಾಂ ಬ್ಲೀಚಿಂಗ್ ಪೌಡರ್. ಬಕೆಟಿನಲ್ಲಿ ಕಲಸಿ, ಗಷ್ಟು ಅಡಿಗೆ ಕೂರಲು ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಬಾವಿಗೆ ಬಿಟ್ಟು ಕಲಕಬೇಕು. ಕಡಿಮೆ ಅಂದ್ರೂ ಒಂದು ಗಂಟೆ ಮುಟ್ಟಬಾರದು. ಗುಡ್ಡ ಕೊರೆದ ಸುರಂಗದ ನೀರು ಹರಿದು ಬಂದು ತುಂಬುವ ಟ್ಯಾಂಕಿಗೆ ಮುಚ್ಚಳ ಉಂಟಾ ನೋಡಿ. ಸುರಂಗದ ನೀರು ಶುದ್ಧ ಅಂತ ನಾವು ಹೆಮ್ಮೆಯಿಂದ ಹೇಳುತ್ತೇವೆ, ಟ್ಯಾಂಕಿನೊಳಗೆ ಕಪ್ಪೆ, ಎಲೆ.

ಓ ಪಾಸಿಟಿವ್:
ನಮ್ಮ ಯುವಕ ಮಂಡಲದವರು ಜೂನ್ 14ಕ್ಕೆ ರಕ್ತದಾನ ಇಡುತ್ತಾರೆ, ಯಾವ ಕ್ಲಬ್ಬು ಜಾಸ್ತಿ ಯೂನಿಟ್ ಕೊಟ್ಟಿತು ಅಂತ ಪೈಪೋಟಿ. ಒಂದೇ ದಿನ ಎಲ್ಲರೂ ಕೊಟ್ಟರೆ ಗಂಡಸರು ಮತ್ತೆ ಮೂರು ತಿಂಗಳು, ಹೆಂಗಸರು ನಾಲ್ಕು ತಿಂಗಳು ಕೊಡುವ ಹಾಗಿಲ್ಲ. ಪ್ಲೇಟ್‌ಲೆಟ್ ಇಡಲು ಆಗುವುದು ಐದೇ ದಿನ. ಜುಲೈಯಲ್ಲಿ ಡೆಂಗಿಯವರಿಗೆ ಬೇಕಾಗುವಾಗ ಊರಿನ ಎಲ್ಲರೂ ಕೊಟ್ಟು ಕೂತಿರುತ್ತಾರೆ. ಜೂನ್ 14ಕ್ಕೆ ಪಟ್ಟಿ ಮಾಡಿ, ಗುಂಪು ಬರೆದುಕೊಳ್ಳಿ, ತಿಂಗಳಿಗೆ ಇಷ್ಟು ಜನ ಅಂತ ಹಂಚಿಕೊಳ್ಳಿ. 18 ತುಂಬಿರಬೇಕು, ತೂಕ 45 ಕೆಜಿ, ಹಿಮೋಗ್ಲೋಬಿನ್ 12.5 ಇರಬೇಕು. ಇಷ್ಟೇ.

ಸಾಂತ್ವನದ ವಾಲಂಟಿಯರ್, ಮುಳ್ಳೇರಿಯ:
ಎಲ್ಲರೂ ರೋಗ ಬಾರದ ಹಾಗೆ ನೋಡುವ ಮಾತಾಡಿದಿರಿ. ಬಂದು ಹಾಸಿಗೆ ಹಿಡಿದವರ ಕತೆ? ಕೇರಳದಲ್ಲಿ ಜನವರಿ 15 ಪಾಲಿಯೇಟಿವ್, ಅಂದ್ರೆ ಸಾಂತ್ವನ ಆರೈಕೆಯ ದಿನ. 1993ರಲ್ಲಿ ಕೋಯಿಕ್ಕೋಡಿನಲ್ಲಿ ಒಂದು ಸಣ್ಣ ಕ್ಲಿನಿಕ್ ಆಗಿ ಶುರುವಾದದ್ದು, 2008ರಲ್ಲಿ ಸರಕಾರ ನೀತಿಯನ್ನೇ ಮಾಡಿತು. ಈಗ ಪಂಚಾಯತ್‌ನಿಂದ ಸಿಸ್ಟರು ಮನೆಗೇ ಬರುತ್ತಾರೆ. ಗಾಯ ಕಟ್ಟುತ್ತಾರೆ, ಮೂತ್ರದ ಟ್ಯೂಬು ಬದಲಿಸುತ್ತಾರೆ.

ಆದರೆ ಸಿಸ್ಟರು ಬಂದು ಹೋದ ಮೇಲೆ ಉಳಿಯುವ ದಿನಗಳೇ ಜಾಸ್ತಿ. ನಾನು ಹೋಗುವ ಒಂದು ಮನೆಯಲ್ಲಿ ಗಂಡ ಹಾಸಿಗೆಯಲ್ಲಿ, ಹೆಂಡತಿ ಒಬ್ಬಳೇ. ಅವಳಿಗೆ ಬೇಕಾದ್ದು ಹಣ್ಣು, ಶಾಲು ಅಲ್ಲ. ವಾರದಲ್ಲಿ ಒಂದು ಮಧ್ಯಾಹ್ನ ಯಾರಾದರೂ ಬಂದು ಗಂಡನ ಹತ್ತಿರ ಕೂರಬೇಕು, ಅವಳು ರೇಷನ್ ತರಬೇಕು, ಬ್ಯಾಂಕಿಗೆ ಹೋಗಬೇಕು, ಸಾಧ್ಯವಾದರೆ ತಂಗಿಯ ಮನೆಗೆ ಹೋಗಿ ಒಂದು ಗಂಟೆ ಕೂತು ಬರಬೇಕು. ನಾವು ಕೂರುತ್ತೇವೆ. ಮಲಗಿದವರನ್ನು ಎರಡೆರಡು ಗಂಟೆಗೆ ಮಗ್ಗುಲು ಬದಲಿಸುವುದು ಹೇಗೆ, ಸೊಂಟದ ಹತ್ತಿರ ಚರ್ಮ ಕೆಂಪಾಯಿತಾ ಅಂತ ನೋಡುವುದು ಹೇಗೆ, ಇದನ್ನೆಲ್ಲ ಸಿಸ್ಟರು ಕಲಿಸಿಕೊಟ್ಟಿದ್ದಾರೆ. ನಿಮ್ಮ ಹತ್ತಿಪ್ಪತ್ತು ಹುಡುಗರಲ್ಲಿ ನಾಲ್ಕು ಜನ ಈ ಕೆಲಸಕ್ಕೆ ಬಂದರೆ ಜನವರಿ 15ಕ್ಕೆ ಬ್ಯಾನರೇ ಬೇಡ. ಹುಡುಗಿಯರೂ ಬೇಕು, ಹೆಂಗಸರ ಆರೈಕೆಗೆ ಹುಡುಗರು ಆಗುವುದಿಲ್ಲ.

ಪಡ್ರೆ ಕಡೆಯವಳು:
ಇದನ್ನು ಮಾಡಿದರೆ ನಮ್ಮ ಕಡೆಯಿಂದ ಇಬ್ಬರು ಬರುತ್ತೇವೆ. ನಾನೂ ಒಬ್ಬಳು.

ಎಣ್ಮಕಜೆ ಹುಡುಗ:
ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿ ಮತ್ತೆ ಕೂತು ಮಾತಾಡಿದೆವು. ಪಟ್ಟಿ ಹರಿದು ಹಾಕಿದೆವು. ಈ ವರ್ಷ ನಾವು ಹಿಡಿಯುವುದು ಡೆಂಗಿಯನ್ನು. ಏಪ್ರಿಲಿನ ಬಿಸು ಹಬ್ಬ ಕಳೆದ ಮೇಲೆ ಕುಡುಂಬಶ್ರೀಯ ಅಯಲ್‌ಕೂಟಗಳಿಗೆ, ಅಂದ್ರೆ ನೆರೆಕರೆ ಹೆಂಗಸರ ಗುಂಪುಗಳಿಗೆ, ಹೋಗಿ ಹೇಳುತ್ತೇವೆ. ಮೇ 16ಕ್ಕೆ ಆಟದ ಹತ್ತಿರ ಮೇಜು, ಬಾಟ್ಲಿ. ಮಳೆ ಹಿಡಿದ ಮೇಲೆ ಆಟಿ ಮುಗಿಯುವ ತನಕ ಪ್ರತಿ ಭಾನುವಾರ ಬೆಳಿಗ್ಗೆ ತೋಟದಲ್ಲಿ ಹಾಳೆ ಕವುಚುವುದು. ಶಾಲೆಗೆ ರಜೆ ಇರುವಾಗಲೇ ಬಾಲಸಭೆಯ ಮಕ್ಕಳನ್ನು ಸೇರಿಸಿಕೊಳ್ಳುತ್ತೇವೆ. ಪಾರ್ಶ್ವವಾಯುವಿನ ಚೀಟಿ ಮತ್ತು ಕನ್ನಡ ನೋಟೀಸು ಬೇರೆಯಾಗಿ ನಡೆಯುತ್ತದೆ. ರಕ್ತದ ಪಟ್ಟಿ ಯುವಕ ಮಂಡಲದವರಿಗೆ ಬಿಟ್ಟದ್ದು. ಸಾಂತ್ವನಕ್ಕೆ ಸದ್ಯ ಮೂರು ಹೆಸರು ಬಂದಿದೆ, ಅದರಲ್ಲಿ ಒಬ್ಬಳು ಹುಡುಗಿ. ಶುಗರ್ ಕ್ಯಾಂಪ್ ಮಾಡುವುದಿಲ್ಲ. ಪುಸ್ತಕ ಹಿಡಿದು ಮನೆಮನೆ ತಿರುಗಲು ಈ ವರ್ಷ ನಮ್ಮಲ್ಲಿ ಜನ ಸಾಲದು.

ಲ್ಯಾಬಿನವ, ಉಪ್ಪಳ:
ಸರಿಯಾದ ತೀರ್ಮಾನ. ಬರುವ ವರ್ಷ ಕರೆಯಿರಿ.

ಆಶಾ ಅಕ್ಕ, ಕುಂಬಳೆ ಕಡೆ:
ಡೆಂಗಿ ಮೇಜಿನ ಹತ್ತಿರ ಇಷ್ಟನ್ನೂ ಬರೆದು ಹಾಕಿ: ಜ್ವರ ಇಳಿಯುವಾಗಲೇ ಜಾಸ್ತಿ ಎಚ್ಚರ ಬೇಕು. ಹೊಟ್ಟೆ ಜೋರು ನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ಕೂತಲ್ಲಿಂದ ಏಳಲಾಗದ ಸುಸ್ತು ಕಂಡರೆ ಪಪ್ಪಾಯಿ ಎಲೆಯ ರಸ ಕುಡಿಸಿ ಕಾಯುತ್ತಾ ಕೂರಬೇಡಿ, ಆಸ್ಪತ್ರೆಗೆ ಹೋಗಿ. ನೋವಿಗೆ ಐಬುಪ್ರೊಫೆನ್, ಆಸ್ಪಿರಿನ್ ಬೇಡ. ಮತ್ತೆ ವಾರ್ಡ್ ಮೆಂಬರಿಗೆ ಈಗಲೇ ಒಂದು ಮಾತು ಹಾಕಿ ಇಡಿ, ವಾರ್ಡಿನ ಆರೋಗ್ಯ ಸಮಿತಿಯಲ್ಲಿ ಸ್ವಲ್ಪ ದುಡ್ಡು ಇರುತ್ತದೆ, ಮೇ ತಿಂಗಳಲ್ಲಿ ಕೇಳಿದರೆ ಮುಗಿದಿರುತ್ತದೆ.

ತೋಟದ ಭಟ್ಟ:
ಮೊದಲ ಭಾನುವಾರ ನಮ್ಮ ತೋಟಕ್ಕೇ ಬನ್ನಿ. ಹಾಳೆ ಬೇಕಾದಷ್ಟು ಉಂಟು. ಬೆಳಿಗ್ಗೆ ಏಳಕ್ಕೆ ಬಂದರೆ ಅವಲಕ್ಕಿ, ಚಾ ನಮ್ಮ ಲೆಕ್ಕ. ರಕ್ತ ಹೀರುವ ಉಂಬುಳ ಜಾಸ್ತಿ ಉಂಟು, ಹುಡುಗರು ಕಾಲಿಗೆ ಸುಣ್ಣ, ಹೊಗೆಸೊಪ್ಪು ಹಚ್ಚಿಕೊಳ್ಳಲಿ. ಡಾಕ್ಟ್ರೇ, ಕಾಲಿಗೆ ಹಚ್ಚಲು ಅಡ್ಡಿ ಇಲ್ಲ ಅಲ್ವಾ?

ಹಲ್ಲಿನ ಡಾಕ್ಟರು, ಊರು ಬದಿಯಡ್ಕ:
ಉಪ್ಪು, ಎಣ್ಣೆ ಹಚ್ಚಿದರೂ ಉಂಬುಳ ಹತ್ತುವುದಿಲ್ಲ ಭಟ್ರೇ. ಗುರುವಾರ ಬೆಳಿಗ್ಗೆ ಹತ್ತಕ್ಕೆ ಬನ್ನಿ, ಬರುವಾಗ ಬಾಯಲ್ಲಿ ಕವಳ ಬೇಡ.